ರಿಪೋರ್ಟ್ ನಾರ್ಮಲ್, ಆದ್ರೂ ಹಾರ್ಟ್ ಅಟ್ಯಾಕ್? ರಕ್ತ ಮೊದಲೇ ಕೊಡೋ ಸುಳಿವುಗಳನ್ನ ಓದೋದು ಹೇಗೆ

ಈ ವಾರದ ಆರೋಗ್ಯ ಪಾಡ್‌ಕಾಸ್ಟ್‌ನ ಪೂರ್ಣ ಬರಹರೂಪ ಇಲ್ಲಿದೆ. ಕೇಳೋಕೆ ಆಗದವರು ಓದಬಹುದು, ಕೇಳಿದವರು ನಂಬರ್‌ಗಳನ್ನ ಮತ್ತೊಮ್ಮೆ ನೋಡ್ಕೊಳ್ಳಬಹುದು.



2021ರ ಅಕ್ಟೋಬರ್ 29 ನಮ್ಮಲ್ಲಿ ಯಾರಿಗೂ ಮರೆಯೋಕೆ ಆಗಲ್ಲ. ಪುನೀತ್ ರಾಜ್‌ಕುಮಾರ್ ಹೋದ ದಿನ. ಅವರಿಗೆ ಆಗ 46 ವರ್ಷ. ಅಷ್ಟು ಫಿಟ್ ಆಗಿದ್ದವರಿಗೇ ಹೀಗಾದ್ರೆ ನಮ್ಮ ಕಥೆ ಏನು ಅಂತ, ಮುಂದಿನ ಕೆಲವು ದಿನ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. 2025ರ ಜೂನ್, ಜುಲೈನಲ್ಲಿ ಮತ್ತೆ ಅದೇ ದೃಶ್ಯ. ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದವು, ಮೈಸೂರಿನ ಜಯದೇವದಲ್ಲೂ ಸಾಲು. ಆಮೇಲೆ ತಜ್ಞರು ಅಂಕಿಅಂಶ ನೋಡಿ, ಹಾಸನದಲ್ಲಿ ಅಸಹಜವಾದ ಏರಿಕೆ ಏನೂ ಇಲ್ಲ ಅಂದ್ರು. ಆದರೆ ಹೆದರಿಕೆ ಮಾತ್ರ ಉಳೀತು.

ಆ ಹೆದರಿಕೆಯ ಬೆನ್ನಿಗೇ ಇನ್ನೊಂದು ಬಂತು. ನಿಮ್ಮ ಫೋನ್‌ಗೂ ಬಂದಿರುತ್ತೆ. "ಫುಲ್ ಬಾಡಿ ಚೆಕಪ್, 80 ಟೆಸ್ಟ್, ಇವತ್ತು ಮಾತ್ರ ಆಫರ್." ಮನೆಗೇ ಬಂದು ರಕ್ತ ತಗೊಂಡು ಹೋಗ್ತಾರೆ, ಸಂಜೆ ಒಳಗೆ ಪಿಡಿಎಫ್ ವಾಟ್ಸಾಪ್‌ಗೆ ಬರುತ್ತೆ. ಎಲ್ಲಾ ಕಡೆ ಹಸಿರು ಬಣ್ಣ ಇದ್ರೆ ನಾವು ನಿರಾಳ. ಎಲ್ಲೋ ಒಂದು ಕೆಂಪು ಇದ್ರೆ ರಾತ್ರಿ ನಿದ್ದೆ ಇಲ್ಲ.

ಈ ಎಪಿಸೋಡ್ ಆ ಹಸಿರು, ಕೆಂಪಿನ ಬಗ್ಗೆನೇ. ಏನೂ ತೊಂದರೆ ಇಲ್ಲ ಅಂತ ಓಡಾಡ್ಕೊಂಡಿರೋ 25, 30, 40 ವರ್ಷದವರ ರಕ್ತದಲ್ಲಿ, ಹೃದಯದ ರಕ್ತನಾಳ ಹಾಳಾಗ್ತಾ ಇರೋದರ ಸುಳಿವು ಮೊದಲೇ ಸಿಗುತ್ತಾ? ಸಿಗುತ್ತೆ. ಆದರೆ 80 ಟೆಸ್ಟ್‌ಗಳಲ್ಲಿ ಅಲ್ಲ, ನಾಲ್ಕೈದರಲ್ಲಿ. ಆ ನಾಲ್ಕೈದನ್ನ ಓದೋ ರೀತಿಯೇ ಬೇರೆ.

ಶುರು ಮಾಡೋ ಮುಂಚೆ ಒಂದು ಮಾತು. ಎಳೆ ವಯಸ್ಸಿನ ಎಲ್ಲಾ ಹಠಾತ್ ಸಾವುಗಳೂ ರಕ್ತನಾಳ ಬ್ಲಾಕ್ ಆಗಿಯೇ ಆಗೋದಲ್ಲ. ಹೃದಯದ ಮಾಂಸಖಂಡದ ಕಾಯಿಲೆ ಇರಬಹುದು, ಬಡಿತದ ಲಯ ತಪ್ಪೋ ಕಾಯಿಲೆ ಇರಬಹುದು. ಅವು ಈ ಟೆಸ್ಟ್‌ಗಳಲ್ಲಿ ಕಾಣಲ್ಲ. ನಾವಿವತ್ತು ಮಾತಾಡ್ತಿರೋದು ರಕ್ತನಾಳದೊಳಗೆ ಕೊಬ್ಬು ಕಟ್ಟಿಕೊಳ್ಳೋ ಕಾಯಿಲೆ ಬಗ್ಗೆ ಮಾತ್ರ. ಹೃದಯಾಘಾತಗಳಲ್ಲಿ ಬಹುಪಾಲು ಆಗೋದು ಇದರಿಂದ.

ಕಾಯಿಲೆ ಶುರುವಾಗೋದು ಯಾವಾಗ?

1953ರಲ್ಲಿ ಅಮೆರಿಕದ ವೈದ್ಯರ ಒಂದು ವರದಿ ಬಂತು. ಕೊರಿಯಾ ಯುದ್ಧದಲ್ಲಿ ಸತ್ತ 300 ಸೈನಿಕರ ಹೃದಯಗಳನ್ನ ಅವರು ಪರೀಕ್ಷೆ ಮಾಡಿದ್ರು. ಸರಾಸರಿ ವಯಸ್ಸು 22. ಸೈನ್ಯಕ್ಕೆ ಆಯ್ಕೆಯಾದ ಗಟ್ಟಿಮುಟ್ಟಾದ ಹುಡುಗರು. ಅವರಲ್ಲಿ 77 ಶೇಕಡಾ ಮಂದಿಯ ಹೃದಯದ ರಕ್ತನಾಳಗಳಲ್ಲಿ ಕಾಯಿಲೆಯ ಗುರುತು ಇತ್ತು. ಕೆಲವರಲ್ಲಿ ಬರೀ ಒಂಚೂರು ದಪ್ಪ ಆಗಿತ್ತು, ಕೆಲವರಲ್ಲಿ ಚೆನ್ನಾಗಿಯೇ ಬ್ಲಾಕ್ ಇತ್ತು. ಮುಪ್ಪಿನ ಕಾಯಿಲೆ ಅಂದ್ಕೊಂಡಿದ್ದು ಇಪ್ಪತ್ತರ ಆಸುಪಾಸಿನಲ್ಲೇ ಶುರುವಾಗಿತ್ತು.

ಈಚೆಗಿನ ಇನ್ನೊಂದು ಅಧ್ಯಯನ ಸ್ಪೇನ್‌ನ ಮ್ಯಾಡ್ರಿಡ್‌ನದು, ಹೆಸರು ಪೇಸಾ. ಒಂದು ಬ್ಯಾಂಕಿನ 4,000ಕ್ಕೂ ಹೆಚ್ಚು ನೌಕರರು, ವಯಸ್ಸು 40ರಿಂದ 54. ಯಾರಿಗೂ ಹೃದಯದ ಕಾಯಿಲೆ ಇದೆ ಅಂತ ಗೊತ್ತಿರಲಿಲ್ಲ. ಕತ್ತು, ಹೊಟ್ಟೆ, ತೊಡೆಯ ರಕ್ತನಾಳಗಳಿಗೆ ಅಲ್ಟ್ರಾಸೌಂಡ್ ಮಾಡಿದ್ರು, ಹೃದಯಕ್ಕೆ ಸಿಟಿ ಸ್ಕ್ಯಾನ್ ಮಾಡಿದ್ರು. 63 ಶೇಕಡಾ ಜನರಲ್ಲಿ ಎಲ್ಲೋ ಒಂದು ಕಡೆ ಕೊಬ್ಬಿನ ಗಂಟು ಸಿಕ್ತು.

ನನ್ನನ್ನ ತಡೆದು ನಿಲ್ಲಿಸಿದ್ದು ಅದರ ಮುಂದಿನ ಸಾಲು. ಅದೇ ಗುಂಪಿನಲ್ಲಿ ಬಿಪಿ ಇಲ್ಲದ, ಶುಗರ್ ಇಲ್ಲದ, ಸಿಗರೇಟ್ ಸೇದದ, ಕೊಲೆಸ್ಟ್ರಾಲ್ ಕೂಡ ಮಾಮೂಲಿ ಲೆಕ್ಕದಲ್ಲಿ ಜಾಸ್ತಿ ಇಲ್ಲದವರನ್ನ ಮಾತ್ರ ಬೇರೆ ಮಾಡಿ ನೋಡಿದ್ರು. ಅವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಗಂಟು ಇತ್ತು! ವಯಸ್ಸು ಮತ್ತು ಗಂಡಸು ಅನ್ನೋದನ್ನ ಬಿಟ್ರೆ, ಅದರ ಜೊತೆ ಮುಖ್ಯವಾಗಿ ತಳುಕು ಹಾಕಿಕೊಂಡಿದ್ದು ಎಲ್‌ಡಿಎಲ್. "ನಾರ್ಮಲ್" ಅಂತ ಕರೆಯೋ ಎಲ್‌ಡಿಎಲ್.

ಹಾಗಾಗಿ ಮೊದಲನೇ ವಿಷಯ ನೆನಪಿಡಿ. ರಿಪೋರ್ಟ್‌ನಲ್ಲಿ ನಾರ್ಮಲ್ ಅಂತಿದ್ರೆ, ನಿಮ್ಮ ರಕ್ತನಾಳ ಸ್ವಚ್ಛವಾಗಿದೆ ಅಂತ ಅರ್ಥ ಅಲ್ಲ.

ಒಳಗೆ ನಡೆಯೋದೇನು?

ನಮ್ಮ ರಕ್ತನಾಳದ ಒಳಗೋಡೆಗೆ ಒಂದು ತೆಳು ಪದರ ಇರುತ್ತೆ. ರಕ್ತದಲ್ಲಿ ಕೊಬ್ಬು ಹಾಗೇ ಕರಗಲ್ಲ. ಅದಕ್ಕೇ ದೇಹ ಅದನ್ನ ಪ್ರೋಟೀನ್ ಕವಚ ಇರೋ ಸಣ್ಣ ಸಣ್ಣ ಕಣಗಳಲ್ಲಿ ತುಂಬಿ ಕಳಿಸುತ್ತೆ. ಎಲ್‌ಡಿಎಲ್ ಅಂದ್ರೆ ಅಂಥ ಒಂದು ಬಗೆಯ ಕಣ. ಈ ಕಣಗಳು ಒಳಪದರ ದಾಟಿ ಗೋಡೆಯೊಳಗೆ ಹೋಗ್ತವೆ, ಕೆಲವು ಅಲ್ಲೇ ಸಿಕ್ಕಿಹಾಕಿಕೊಳ್ತವೆ. ಅಲ್ಲಿ ಕೆಡ್ತವೆ. ಅದನ್ನ ತೆಗೆಯೋಕೆ ಬಿಳಿ ರಕ್ತಕಣಗಳು ಬರ್ತವೆ, ಕೊಬ್ಬು ತಿಂದು ತಿಂದು ಉಬ್ಬಿ ಅಲ್ಲೇ ಸಾಯ್ತವೆ. ಇದು ವರ್ಷಗಟ್ಟಲೆ ನಡೆದು ಗೋಡೆಯೊಳಗೆ ಒಂದು ಗಂಟು ಬೆಳೆಯುತ್ತೆ. ಡಾಕ್ಟರ್‌ಗಳು ಪ್ಲಾಕ್ ಅನ್ನೋದು ಇದನ್ನೇ.

ಪೈಪ್‌ನಲ್ಲಿ ಕಸ ಕಟ್ಟಿ ಕಟ್ಟಿ ಕೊನೆಗೆ ಒಂದು ದಿನ ನೀರು ನಿಲ್ಲುತ್ತಲ್ಲ, ಹಾರ್ಟ್ ಅಟ್ಯಾಕ್ ಹಾಗೆ ಅಂತ ನಾವು ಅಂದ್ಕೊಂಡಿರ್ತೀವಿ. ಎಷ್ಟೋ ಸಲ ಹಾಗಲ್ಲ. ರಕ್ತದ ದಾರಿಯನ್ನ ಅರ್ಧ ಕೂಡ ಅಡ್ಡಗಟ್ಟಿರದ ಗಂಟು ಒಂದಿನ ಒಡೆಯುತ್ತೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪು ಕೆಲವೇ ನಿಮಿಷದಲ್ಲಿ ದಾರಿ ಮುಚ್ಚಿಬಿಡುತ್ತೆ. ಅದಕ್ಕೇ "ಹೋದ ತಿಂಗಳು ತಾನೆ ಟ್ರೆಡ್‌ಮಿಲ್ ಟೆಸ್ಟ್ ಚೆನ್ನಾಗಿ ಬಂದಿತ್ತು" ಅನ್ನೋ ಮಾತು ನಮ್ಮ ಕಿವಿಗೆ ಬೀಳೋದು. ಟ್ರೆಡ್‌ಮಿಲ್ ಟೆಸ್ಟ್ ಹಿಡಿಯೋದು ರಕ್ತದ ಹರಿವನ್ನೇ ತಡೆಯುವಷ್ಟು ದೊಡ್ಡ ಅಡ್ಡಿಯನ್ನ. ಸಣ್ಣ ಗಂಟನ್ನ ಅದು ಹಿಡಿಯಲ್ಲ. ಇಸಿಜಿಯೂ ಅಷ್ಟೇ.

ರಕ್ತದ ಟೆಸ್ಟ್‌ಗೂ ಗಂಟು ಕಾಣಲ್ಲ, ಇದನ್ನ ಸ್ಪಷ್ಟವಾಗಿ ಹೇಳ್ತೀನಿ. ಗಂಟು ಕಟ್ಟೋಕೆ ಬೇಕಾದ ಸಾಮಾನು ಎಷ್ಟಿದೆ, ಕೆಲಸ ಎಷ್ಟು ಜೋರಾಗಿ ನಡೀತಿದೆ ಅಂತ ಮಾತ್ರ ಅದು ಹೇಳುತ್ತೆ. ಇಪ್ಪತ್ತು, ಮೂವತ್ತು ವರ್ಷದ ಮುಂಚೆ ಗೊತ್ತಾಗಬೇಕಾಗಿರೋದೂ ಅದೇ.

ಸುಳಿವು 1: ಬಸ್ಸುಗಳನ್ನ ಎಣಿಸಿ

ಕೊಲೆಸ್ಟ್ರಾಲ್ ಅಂದ್ರೆ ಪ್ರಯಾಣಿಕರು, ಅದನ್ನ ಹೊತ್ತೊಯ್ಯೋ ಕಣ ಅಂದ್ರೆ ಬಸ್ಸು ಅಂದ್ಕೊಳ್ಳಿ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಜಾಮ್ ಆಗೋದು ಪ್ರಯಾಣಿಕರು ಎಷ್ಟಿದ್ದಾರೆ ಅನ್ನೋದರಿಂದಲ್ಲ, ಗಾಡಿ ಎಷ್ಟಿವೆ ಅನ್ನೋದರಿಂದ. 100 ಜನ ಎರಡು ಬಸ್ಸಲ್ಲಿ ಹೋದ್ರೆ ರಸ್ತೆ ಖಾಲಿ. ಅದೇ 100 ಜನ 50 ಕಾರಲ್ಲಿ ಹೋದ್ರೆ ರಸ್ತೆ ಜಾಮ್. ರಕ್ತನಾಳದ ಗೋಡೆಗೆ ತಾಗಿ ಒಳಗೆ ನುಗ್ಗೋದೂ ಕಣಗಳೇ, ಹಾಗಾಗಿ ಕಣಗಳ ಸಂಖ್ಯೆ ಮುಖ್ಯ.

ಮಾಮೂಲಿ ರಿಪೋರ್ಟ್‌ನಲ್ಲಿರೋ ಎಲ್‌ಡಿಎಲ್ ಹೇಳೋದು ಆ ಕಣಗಳಲ್ಲಿರೋ ಕೊಲೆಸ್ಟ್ರಾಲ್ ಎಷ್ಟು ಅಂತ, ಅಂದ್ರೆ ಪ್ರಯಾಣಿಕರ ಲೆಕ್ಕ. ಗಾಡಿಗಳ ಲೆಕ್ಕ ಸಿಗೋದು ಅಪೋ-ಬಿ ಅನ್ನೋ ಟೆಸ್ಟ್‌ನಲ್ಲಿ. ಅಪೋ-ಬಿ ಒಂದು ಪ್ರೋಟೀನ್. ಗೋಡೆಯೊಳಗೆ ಸಿಕ್ಕಿಹಾಕಿಕೊಳ್ಳೋ ಜಾತಿಯ ಪ್ರತಿ ಕಣದ ಮೇಲೂ ಅದು ಒಂದೇ ಒಂದು ಇರುತ್ತೆ. ಪ್ರತಿ ಗಾಡಿಗೆ ಒಂದೇ ನಂಬರ್ ಪ್ಲೇಟ್ ಇದ್ದ ಹಾಗೆ. ಪ್ಲೇಟ್ ಎಣಿಸಿದ್ರೆ ಗಾಡಿ ಎಣಿಸಿದಂತೆ.

ನಮ್ಮವರಿಗೆ ಇದು ಯಾಕೆ ಮುಖ್ಯ ಅಂದ್ರೆ, ಭಾರತೀಯರ ರಕ್ತದಲ್ಲಿ ಒಂದು ಮಾದರಿ ಮತ್ತೆ ಮತ್ತೆ ಕಾಣುತ್ತೆ. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ, ಎಲ್‌ಡಿಎಲ್ ನೋಡೋಕೆ ಪರವಾಗಿಲ್ಲ. ಇಂಥವರಲ್ಲಿ ಎಲ್‌ಡಿಎಲ್ ಕಣಗಳು ಚಿಕ್ಕದಾಗಿ, ಸಂಖ್ಯೆಯಲ್ಲಿ ಜಾಸ್ತಿಯಾಗಿರ್ತವೆ. ಜನ ಕಡಿಮೆ, ಕಾರು ಜಾಸ್ತಿ. ಎಲ್‌ಡಿಎಲ್ ಒಂದನ್ನೇ ನೋಡಿದ್ರೆ ಇದು ತಪ್ಪಿಸಿಕೊಂಡುಬಿಡುತ್ತೆ.

ಅಪೋ-ಬಿ ಮಾಡಿಸೋಕೆ ಆಗಲಿಲ್ಲ ಅಂದ್ರೂ ಚಿಂತೆ ಬೇಡ. ಒಂದು ಕಳೆಯೋ ಲೆಕ್ಕ ಇದೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೀರಿ. ಒಟ್ಟು 200, ಎಚ್‌ಡಿಎಲ್ 38 ಅಂತಿದ್ರೆ ಉಳಿದಿದ್ದು 162. ಇದೇ ನಾನ್-ಎಚ್‌ಡಿಎಲ್. ಕೆಟ್ಟ ಗಾಡಿಗಳಲ್ಲಿ ಇರೋ ಎಲ್ಲಾ ಪ್ರಯಾಣಿಕರ ಲೆಕ್ಕ ಇದರಲ್ಲಿ ಬರುತ್ತೆ. ಎಷ್ಟೋ ಲ್ಯಾಬ್‌ಗಳು ರಿಪೋರ್ಟ್‌ನಲ್ಲೇ ಹಾಕಿರ್ತಾರೆ, ನಾವು ನೋಡಿರಲ್ಲ ಅಷ್ಟೆ.

ಎಷ್ಟಿದ್ರೆ ಸರಿ? ಭಾರತದ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರತಂದ ಮಾರ್ಗಸೂಚಿ ಪ್ರಕಾರ, ಅಪಾಯ ಕಡಿಮೆ ಇರೋ ಸಾಮಾನ್ಯ ಜನರಿಗೂ ಎಲ್‌ಡಿಎಲ್ 100ಕ್ಕಿಂತ ಕೆಳಗೆ, ನಾನ್-ಎಚ್‌ಡಿಎಲ್ 130ಕ್ಕಿಂತ ಕೆಳಗೆ ಇರಬೇಕು. ಅಪಾಯ ಜಾಸ್ತಿ ಇರೋರಿಗೆ ಎಲ್‌ಡಿಎಲ್ 70ಕ್ಕಿಂತ ಕೆಳಗೆ, ತುಂಬಾ ಜಾಸ್ತಿ ಇರೋರಿಗೆ 55ಕ್ಕಿಂತ ಕೆಳಗೆ. ಈ ನಂಬರ್‌ಗಳೆಲ್ಲ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಅನ್ನೋ ಲೆಕ್ಕದಲ್ಲಿ. ಈಗ ನಿಮ್ಮ ಹಳೇ ಪಿಡಿಎಫ್ ತೆಗೆದು ನೋಡಿ. ಹಸಿರು ಬಣ್ಣದ ರೇಂಜ್‌ಗೂ ಇದಕ್ಕೂ ವ್ಯತ್ಯಾಸ ಇರೋ ಸಾಧ್ಯತೆ ಇದೆ.

ಇನ್ನೊಂದು ಮಾತು, ವಯಸ್ಸಿನ ಬಗ್ಗೆ. ಪಿಸಿಎಸ್‌ಕೆ9 ಅಂತ ಒಂದು ಜೀನ್ ಇದೆ. ಕೆಲವರಲ್ಲಿ ಹುಟ್ಟಿನಿಂದಲೇ ಅದು ಸರಿಯಾಗಿ ಕೆಲಸ ಮಾಡಲ್ಲ, ಅದರಿಂದ ಅವರ ಎಲ್‌ಡಿಎಲ್ ಜೀವನಪೂರ್ತಿ ಕಡಿಮೆ ಇರುತ್ತೆ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಇಂಥ ಬದಲಾವಣೆ ಇದ್ದ ಕಪ್ಪು ಜನಾಂಗದವರ ಎಲ್‌ಡಿಎಲ್ 28 ಶೇಕಡಾ ಕಡಿಮೆ ಇತ್ತು. ಅವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಕಡಿಮೆ ಇದ್ದಿದ್ದು 88 ಶೇಕಡಾ! ಐವತ್ತರಲ್ಲಿ ಮಾತ್ರೆ ಶುರು ಮಾಡಿ ಅಷ್ಟೇ ಇಳಿಸಿದ್ರೆ ಇಷ್ಟು ಲಾಭ ಸಿಗಲ್ಲ. ಸಿಗರೇಟ್ ಲೆಕ್ಕ ಹೇಗೋ ಇದೂ ಹಾಗೆ. ಎಷ್ಟು ಅನ್ನೋದರ ಜೊತೆಗೆ ಎಷ್ಟು ವರ್ಷ ಅನ್ನೋದೂ ಸೇರುತ್ತೆ. ಇಪ್ಪತ್ತೆಂಟು ವರ್ಷದವರು ಈ ಎಪಿಸೋಡ್ ಯಾಕೆ ಕೇಳಬೇಕು ಅಂದ್ರೆ ಇದಕ್ಕೇ.

ಸುಳಿವು 2: ಅಪ್ಪ-ಅಮ್ಮ ಕೊಟ್ಟಿದ್ದು

ಎರಡನೇದರ ಹೆಸರು ಲಿಪೊಪ್ರೋಟೀನ್-ಎ. ಬರೆಯೋವಾಗ ಸಣ್ಣ ಎ ಹಾಕ್ತಾರೆ, ಡಾಕ್ಟರ್‌ಗಳು ಎಲ್‌ಪಿ-ಎ ಅಂತಾರೆ. 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಅನ್ನೋ ವಿಜ್ಞಾನಿ ಇದನ್ನ ಮೊದಲು ಗುರುತಿಸಿದ್ರು. ನೋಡೋಕೆ ಎಲ್‌ಡಿಎಲ್ ಕಣದ ಹಾಗೇನೇ, ಅದಕ್ಕೆ ಒಂದು ಬಾಲ ಅಂಟಿಕೊಂಡಿರುತ್ತೆ. ಗೋಡೆಯೊಳಗೆ ಹೋಗಿ ಉರಿಯೂತ ಹೆಚ್ಚಿಸೋದರಲ್ಲಿ ಇದು ಎಲ್‌ಡಿಎಲ್‌ಗಿಂತ ಒಂದು ಕೈ ಮುಂದೆ.

ಇದರ ವಿಶೇಷ ಏನಂದ್ರೆ, ನಿಮ್ಮ ಮಟ್ಟ ಎಷ್ಟು ಅನ್ನೋದು ಬಹುತೇಕ ಹುಟ್ಟಿನಲ್ಲೇ ತೀರ್ಮಾನ ಆಗಿರುತ್ತೆ. ವಾಕಿಂಗ್, ಡಯಟ್, ಜಿಮ್ ಯಾವುದೂ ಇದನ್ನ ಹೆಚ್ಚಾಗಿ ಬದಲಾಯಿಸಲ್ಲ. 50 ಮಿಲಿಗ್ರಾಂ ದಾಟಿದ್ರೆ ಅಪಾಯ ಜಾಸ್ತಿ ಅಂತ ಲೆಕ್ಕ. ಪ್ರಪಂಚದಲ್ಲಿ ಸುಮಾರು ಐದರಲ್ಲಿ ಒಬ್ಬರು ಈ ಗೆರೆ ದಾಟಿರ್ತಾರೆ. ಕೆಲವು ಲ್ಯಾಬ್‌ಗಳು ನ್ಯಾನೋಮೋಲ್ ಲೆಕ್ಕದಲ್ಲಿ ಕೊಡ್ತಾರೆ, ಅಲ್ಲಿ ಗೆರೆ 125. ನಿಮ್ಮ ರಿಪೋರ್ಟ್‌ನಲ್ಲಿ ಯಾವ ಅಳತೆ ಇದೆ ಅಂತ ನೋಡದೆ ಹೆದರಬೇಡಿ, ನಿರಾಳವೂ ಆಗಬೇಡಿ.

ಇಲ್ಲಿ ನನ್ನ ಮನೆ ವಿಷಯ ಸ್ವಲ್ಪ ಹೇಳ್ತೀನಿ. ನನ್ನ ಚಿಕ್ಕಪ್ಪ ಹೋದಾಗ ಅವರಿಗೆ 44. ಬೀಡಿ ಸಿಗರೇಟ್ ಇಲ್ಲ, ಶುಗರ್ ಇಲ್ಲ, ದಿನಾ ತೋಟದಲ್ಲಿ ಗೇಯೋ ಮನುಷ್ಯ. ಬೆಳಗ್ಗೆ ಎದೆ ಉರಿ ಅಂದ್ರು, ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಮಲಗಿದ್ರು. ಅಷ್ಟೇ. ನಮ್ಮಜ್ಜಿ ಈಗಲೂ ಅದನ್ನ ಹಣೆಬರಹ ಅಂತಾರೆ. ಹೋದ ವರ್ಷ ನಾನು ಎಲ್‌ಪಿ-ಎ ಮಾಡಿಸಿದೆ, 84 ಬಂತು. ಅಪ್ಪನಿಗೂ ತಮ್ಮನಿಗೂ ಮಾಡಿಸಿದ್ವಿ. ಅಪ್ಪನದು 90ರ ಮೇಲೆ. ತಮ್ಮನದು 12. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು. ಚಿಕ್ಕಪ್ಪನದನ್ನ ಯಾರೂ ಅಳೆದಿರಲಿಲ್ಲ, ಹಾಗಾಗಿ ಅವರ ಸಾವಿಗೆ ಇದೇ ಕಾರಣ ಅಂತ ನಾನು ಹೇಳೋಕಾಗಲ್ಲ. ಆದರೆ ಹಣೆಬರಹ ಅನ್ನೋದರ ಒಂದು ಭಾಗವಾದರೂ ಅಳೆಯೋಕೆ ಆಗುವಂಥದ್ದು ಅಂತ ನನಗೆ ಅನ್ನಿಸಿದ್ದು ಆಗಲೇ.

ಇಳಿಸೋಕೆ ಆಗಲ್ಲ ಅಂದ್ಮೇಲೆ ತಿಳ್ಕೊಂಡು ಏನು ಪ್ರಯೋಜನ? ಈ ಪ್ರಶ್ನೆಯನ್ನ ನಾನೂ ಡಾಕ್ಟರ್‌ಗೆ ಕೇಳಿದೆ. ಅವರು ಹೇಳಿದ್ದು, ಇದನ್ನ ಇಳಿಸೋಕೆ ಆಗದಿದ್ರೆ ಇದರ ಅಕ್ಕಪಕ್ಕ ಇರೋದನ್ನೆಲ್ಲ ಇಳಿಸೋಣ ಅಂತ. ನನ್ನ ಎಲ್‌ಡಿಎಲ್ 132 ಇತ್ತು. ರಿಪೋರ್ಟ್‌ನಲ್ಲಿ ಅದಕ್ಕೆ ಹೆದರಿಸೋ ಬಣ್ಣ ಏನೂ ಇರಲಿಲ್ಲ. ಆದರೆ ಎಲ್‌ಪಿ-ಎ 84 ಇರೋನಿಗೆ, 44ಕ್ಕೆ ಹೋದ ಚಿಕ್ಕಪ್ಪ ಇರೋನಿಗೆ, 132 ಅನ್ನೋದು ಬೇರೆನೇ ನಂಬರ್. ಮೊದಲು ಊಟ ಬದಲಾಯಿಸಿದೆ, 114ಕ್ಕೆ ಬಂತು. ಆಮೇಲೆ ಇಬ್ಬರೂ ಮಾತಾಡಿ ಮಾತ್ರೆ ಶುರು ಮಾಡಿದ್ವಿ. ಇದು ನನ್ನ ಲೆಕ್ಕ. ನಿಮ್ಮದು ನಿಮ್ಮ ಡಾಕ್ಟರ್ ಜೊತೆ ಕೂತು ಮಾಡಬೇಕಾದ ಲೆಕ್ಕ.

ಇದು ಜೀವನದಲ್ಲಿ ಒಂದು ಸಲ ಮಾಡಿಸಿದ್ರೆ ಸಾಮಾನ್ಯವಾಗಿ ಸಾಕು. ಆದರೆ ಎಷ್ಟೋ ಪ್ಯಾಕೇಜ್‌ಗಳಲ್ಲಿ ಇದು ಇರಲ್ಲ, ಕೇಳಿ ಮಾಡಿಸಬೇಕು. ಒಬ್ಬರದು ಜಾಸ್ತಿ ಬಂದ್ರೆ ಅಣ್ಣ, ತಂಗಿ, ಮಕ್ಕಳದ್ದೂ ನೋಡಿಸಿ.

ಸುಳಿವು 3: ಹೊಗೆ ಬರ್ತಿದೆಯಾ?

ಮೂರನೇದು ಎಚ್‌ಎಸ್-ಸಿಆರ್‌ಪಿ. ಕೋವಿಡ್ ಸಮಯದಲ್ಲಿ ಸಿಆರ್‌ಪಿ ಅನ್ನೋ ಹೆಸರು ಎಲ್ಲರ ಬಾಯಲ್ಲೂ ಇತ್ತು. ದೇಹದಲ್ಲಿ ಎಲ್ಲೇ ಉರಿಯೂತ ಆದ್ರೂ ಲಿವರ್ ಇದನ್ನ ಬಿಡುಗಡೆ ಮಾಡುತ್ತೆ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಸಿಕ್ಕಿದ್ದು. ಎಚ್‌ಎಸ್ ಅಂದ್ರೆ ಅತಿ ಸಣ್ಣ ಪ್ರಮಾಣವನ್ನೂ ಅಳೆಯೋ ಟೆಸ್ಟ್.

ರಕ್ತನಾಳದ ಗೋಡೆಯಲ್ಲಿ ನಡೆಯೋ ಕೆಲಸವೂ ಒಂದು ಸಣ್ಣ, ವರ್ಷಗಟ್ಟಲೆ ಆರದ ಉರಿಯೂತ. ಹಾಗಾಗಿ ಕಾಯಿಲೆ ಇಲ್ಲದವರಲ್ಲೂ ಇದು ಲೀಟರ್‌ಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ರೆ ಒಳ್ಳೇದು, 3ಕ್ಕಿಂತ ಜಾಸ್ತಿ ಇದ್ರೆ ಮುಂದೆ ಹೃದಯಾಘಾತದ ಸಾಧ್ಯತೆ ಹೆಚ್ಚು ಅಂತ ಹಲವು ಅಧ್ಯಯನಗಳು ತೋರಿಸಿವೆ. 2024ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ನೋಡಿ. 27,939 ಆರೋಗ್ಯವಂತ ಹೆಣ್ಣುಮಕ್ಕಳ ರಕ್ತ ಒಂದೇ ಒಂದು ಸಲ ತಗೊಂಡು, 30 ವರ್ಷ ಅವರನ್ನ ಹಿಂಬಾಲಿಸಿದ್ರು. ಎಲ್‌ಡಿಎಲ್, ಎಲ್‌ಪಿ-ಎ, ಎಚ್‌ಎಸ್-ಸಿಆರ್‌ಪಿ ಮೂರೂ ಬೇರೆ ಬೇರೆಯಾಗಿ ಮುಂದಿನ ಅಪಾಯ ಹೇಳಿದವು. ಮೂರೂ ಜಾಸ್ತಿ ಇದ್ದವರಿಗೆ, ಮೂರೂ ಕಡಿಮೆ ಇದ್ದವರಿಗಿಂತ ಅಪಾಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಒಂದು ಸಲ ತೆಗೆದ ರಕ್ತ ಮೂವತ್ತು ವರ್ಷದ ಸುಳಿವು ಕೊಡ್ತು.

ಆದರೆ ಈ ಟೆಸ್ಟ್ ಸುಮ್ಮನೆ ಕಾಟ ಕೊಡೋದೂ ಉಂಟು. ನೆಗಡಿ, ಹಲ್ಲಿನ ಸೋಂಕು, ಡೆಂಗಿ ಬಂದು ಹೋಗಿದ್ದು, ಯಾವುದಿದ್ರೂ ಏರುತ್ತೆ. 10ರ ಮೇಲೆ ಬಂದ್ರೆ ಮೊದಲು ಸೋಂಕಿನ ಕಡೆ ಯೋಚನೆ ಮಾಡಬೇಕು. ಪೂರ್ತಿ ಹುಷಾರಾದ ಮೇಲೆ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ಹೊಟ್ಟೆ ಸುತ್ತ ಬೊಜ್ಜಿದ್ರೆ, ಸಿಗರೇಟ್ ಇದ್ರೆ, ಆಗಲೂ ಜಾಸ್ತಿ ಇರುತ್ತೆ.

ಇನ್ನೊಂದು ಸೂಕ್ಷ್ಮ ಇದೆ. ಎಲ್‌ಡಿಎಲ್ ಕಾಯಿಲೆ ತರೋ ಆರೋಪಿ. ಸಿಆರ್‌ಪಿ ಹಾಗಲ್ಲ, ಬೆಂಕಿ ಇದೆ ಅಂತ ಹೇಳೋ ಹೊಗೆ. ಹುಟ್ಟಿನಿಂದಲೇ ಸಿಆರ್‌ಪಿ ಜಾಸ್ತಿ ಇರೋ ಜೀನ್ ಹೊಂದಿರೋರಿಗೆ ಹೃದಯಾಘಾತ ಜಾಸ್ತಿ ಆಗಲ್ಲ ಅಂತ ಜೀನ್ ಅಧ್ಯಯನಗಳು ಹೇಳಿವೆ. ಅಂದ್ರೆ ಸಿಆರ್‌ಪಿ ನಂಬರ್ ಇಳಿಸೋದೇ ಗುರಿಯಲ್ಲ.

2008ರ ಜುಪಿಟರ್ ಪ್ರಯೋಗ ಇಲ್ಲಿ ತುಂಬಾ ಹೇಳಿಕೊಡುತ್ತೆ. ಎಲ್‌ಡಿಎಲ್ 130ಕ್ಕಿಂತ ಕಡಿಮೆ, ಆದರೆ ಎಚ್‌ಎಸ್-ಸಿಆರ್‌ಪಿ 2 ಅಥವಾ ಹೆಚ್ಚು ಇದ್ದ 17,802 ಜನ. ಅರ್ಧ ಜನಕ್ಕೆ ಸ್ಟ್ಯಾಟಿನ್ ಮಾತ್ರೆ, ಇನ್ನರ್ಧಕ್ಕೆ ಔಷಧ ಇಲ್ಲದ ಮಾತ್ರೆ. ಹೃದಯಾಘಾತ, ಪಾರ್ಶ್ವವಾಯು ಇತ್ಯಾದಿ ಸೇರಿ 44 ಶೇಕಡಾ ಕಡಿಮೆಯಾಯ್ತು ಅಂತ ಸುದ್ದಿಯಾಯ್ತು. ಅದು ನಿಜ. ಆದರೆ ತಲೆ ಎಣಿಸಿ ನೋಡಿ. ಎರಡೂ ಕಡೆ 8,901 ಜನ. ಮಾತ್ರೆ ತಗೊಂಡವರಲ್ಲಿ 142 ಮಂದಿಗೆ, ತಗೊಳ್ಳದವರಲ್ಲಿ 251 ಮಂದಿಗೆ ತೊಂದರೆ ಆಯ್ತು. ಅದು ಸುಮಾರು ಎರಡು ವರ್ಷದಲ್ಲಿ. ಲಾಭ ಇದೆ, ಆದರೆ "44" ಅಂತ ಕೇಳಿದಾಗ ತಲೇಲಿ ಬರೋ ಚಿತ್ರಕ್ಕಿಂತ ಚಿಕ್ಕದು. ಯಾವ ಆರೋಗ್ಯ ಸುದ್ದಿ ಓದಿದ್ರೂ ಹೀಗೆ ತಲೆ ಎಣಿಸೋ ಅಭ್ಯಾಸ ಇಟ್ಕೊಳ್ಳಿ.

ಪ್ಯಾಕೇಜ್‌ನಲ್ಲಿ ಇರೋದೆಲ್ಲ ಬೇಕಾ?

ಹೊಗೆಗೂ ಬೆಂಕಿಗೂ ವ್ಯತ್ಯಾಸ ತಿಳಿಯದೆ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ ಹೋಮೋಸಿಸ್ಟೀನ್ ಒಳ್ಳೇ ಉದಾಹರಣೆ. "ಹಾರ್ಟ್ ರಿಸ್ಕ್" ಅಂತ ಬರೆದಿರೋ ಪ್ಯಾಕೇಜ್‌ಗಳಲ್ಲಿ ಇದು ಇದ್ದೇ ಇರುತ್ತೆ. 1969ರಲ್ಲಿ ಕಿಲ್ಮರ್ ಮೆಕ್ಕಲಿ ಅನ್ನೋ ಅಮೆರಿಕದ ವೈದ್ಯರು, ಇದು ಜಾಸ್ತಿಯಾದ್ರೆ ರಕ್ತನಾಳ ಹಾಳಾಗುತ್ತೆ ಅಂದ್ರು. ಮುಂದೆ ಸಾವಿರಾರು ಜನರಲ್ಲಿ ನೋಡಿದಾಗ ಹೃದಯಾಘಾತ ಆದವರಲ್ಲಿ ಇದು ಜಾಸ್ತಿ ಇದ್ದಿದ್ದೂ ಕಂಡಿತು. ಫೋಲಿಕ್ ಆಸಿಡ್, ಬಿ12 ಕೊಟ್ರೆ ಇಳಿಯುತ್ತೆ, ಅಗ್ಗದ ಮಾತ್ರೆ, ಇನ್ನೇನು ಬೇಕು? 2006ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಹೋಮೋಸಿಸ್ಟೀನ್ ಚೆನ್ನಾಗಿ ಇಳಿದಿತ್ತು. ಹೃದಯಾಘಾತ ಮಾತ್ರ ಇಳಿದಿರಲಿಲ್ಲ.

ನಮ್ಮಲ್ಲಿ ಸಸ್ಯಾಹಾರಿಗಳಿಗೆ ಬಿ12 ಕೊರತೆ ಸಾಮಾನ್ಯ. ಬಿ12 ಕಡಿಮೆ ಇದ್ರೆ ಹೋಮೋಸಿಸ್ಟೀನ್ ಏರುತ್ತೆ. ಹಾಗಾಗಿ ಆ ಕೆಂಪು ಗುರುತು ನೋಡಿ ಹಾರ್ಟ್ ಹೋಯ್ತು ಅಂತ ಗಾಬರಿ ಬೀಳೋ ಬದಲು ಬಿ12 ನೋಡಿಸಿ, ಕೊರತೆ ಇದ್ರೆ ಅದಕ್ಕೆ ಔಷಧಿ ತಗೊಳ್ಳಿ. ನರಗಳಿಗೆ, ರಕ್ತಕ್ಕೆ ಅದು ಬೇಕೇ ಬೇಕು.

ಟ್ರೋಪೋನಿನ್ ಇನ್ನೊಂದು. ಹೃದಯದ ಮಾಂಸಖಂಡಕ್ಕೆ ಈಗ ಪೆಟ್ಟು ಬಿದ್ದಿದೆಯಾ ಅಂತ ತಿಳಿಯೋಕೆ ಎಮರ್ಜೆನ್ಸಿಯಲ್ಲಿ ಮಾಡೋದು. ಸುಮ್ಮನೆ ಕೂತಿರೋರು ಆಫರ್‌ನಲ್ಲಿ ಮಾಡಿಸಬೇಕಾಗಿಲ್ಲ.

ಆದರೆ ಮೂರು ತಿಂಗಳ ಸರಾಸರಿ ಶುಗರ್, ಅಂದ್ರೆ ಎಚ್‌ಬಿಎ1ಸಿ, ಪಟ್ಟಿಯಲ್ಲಿ ಇರಲೇಬೇಕು. 5.7ರಿಂದ 6.4 ಅಂದ್ರೆ ಮಧುಮೇಹದ ಹೊಸ್ತಿಲಲ್ಲಿ ಇದ್ದೀರಿ ಅಂತ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರೂ ಇದ್ರು. ಅದರಲ್ಲಿ ಮೊದಲ ಹೃದಯಾಘಾತ ಆಗೋ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ ಸುಮಾರು 53, ಬೇರೆಯವರಲ್ಲಿ ಸುಮಾರು 59. ಆರು ವರ್ಷ ಮುಂಚೆ. ನಮ್ಮ ರಕ್ತದಲ್ಲಿ ಏನೋ ಶಾಪ ಇದೆ ಅಂತಲ್ಲ. ಕೊಬ್ಬಿನ ಲೆಕ್ಕ, ತಂಬಾಕು, ಬಿಪಿ, ಶುಗರ್, ಹೊಟ್ಟೆ ಬೊಜ್ಜು, ಮಾನಸಿಕ ಒತ್ತಡ, ತರಕಾರಿ ಹಣ್ಣು ತಿನ್ನದಿರೋದು, ವ್ಯಾಯಾಮ ಇಲ್ಲದಿರೋದು, ಇಂಥ ಗೊತ್ತಿರೋ ಕಾರಣಗಳೇ ಹೃದಯಾಘಾತದ ಹೆಚ್ಚಿನ ಪಾಲಿಗೆ ಕಾರಣ, ಮತ್ತು ನಮ್ಮಲ್ಲಿ ಅವು ಚಿಕ್ಕ ವಯಸ್ಸಿಗೇ ಬರ್ತಿವೆ ಅಂತ ಆ ಅಧ್ಯಯನ ಹೇಳ್ತು.

ನೀವು ಕಳಿಸಿದ ಪ್ರಶ್ನೆಗಳು

"ನನಗೆ 23. ಈಗಲೇ ಮಾಡಿಸಬೇಕಾ?" ಕೊಲೆಸ್ಟ್ರಾಲ್ ಟೆಸ್ಟ್ ಒಂದು ಸಲ ಮಾಡಿಸಿ. 18ಕ್ಕೇ ಮೊದಲ ಟೆಸ್ಟ್ ಆಗಲಿ ಅಂತ ನಮ್ಮ ಮಾರ್ಗಸೂಚಿಯೇ ಹೇಳುತ್ತೆ. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ತುಂಬಾ ಜಾಸ್ತಿ ಇರೋ ಆನುವಂಶಿಕ ತೊಂದರೆ ಇರುತ್ತೆ. 190 ದಾಟಿದ್ರೆ ಈ ಅನುಮಾನ ಬರಬೇಕು. ಅದು ನೋಡೋಕೆ ಗೊತ್ತಾಗಲ್ಲ, ತೆಳ್ಳಗಿದ್ರೂ ಇರಬಹುದು.

"ಖಾಲಿ ಹೊಟ್ಟೇಲೇ ಹೋಗಬೇಕಾ?" ಮೊದಲ ಸಲದ ಕೊಲೆಸ್ಟ್ರಾಲ್ ಟೆಸ್ಟ್‌ಗೆ ಬೇಕಾಗಿಲ್ಲ, ತಿಂಡಿ ತಿಂದು ಹೋಗಬಹುದು. ಟ್ರೈಗ್ಲಿಸರೈಡ್ ತುಂಬಾ ಜಾಸ್ತಿ ಬಂದ್ರೆ ಮಾತ್ರ ಖಾಲಿ ಹೊಟ್ಟೇಲಿ ಮತ್ತೊಮ್ಮೆ ನೋಡ್ತಾರೆ. ಎಲ್‌ಪಿ-ಎ, ಎಚ್‌ಬಿಎ1ಸಿಗೂ ಉಪವಾಸ ಬೇಡ.

"ಕ್ಯಾಲ್ಸಿಯಂ ಸ್ಕ್ಯಾನ್ ಮಾಡಿಸಿ ಸೊನ್ನೆ ಬಂದಿದೆ, ಆರಾಮಾಗಿ ಇರಬಹುದಾ?" 50 ದಾಟಿದವರಿಗೆ ಸೊನ್ನೆ ಒಳ್ಳೇ ಸುದ್ದಿ. 35ರಲ್ಲಿ ಸೊನ್ನೆಗೆ ಅಷ್ಟು ಬೆಲೆ ಇಲ್ಲ, ಯಾಕಂದ್ರೆ ಎಳೇ ಗಂಟಿನಲ್ಲಿ ಇನ್ನೂ ಸುಣ್ಣ ಕಟ್ಟಿರಲ್ಲ.

"ದಿನಾ ಜಿಮ್‌ಗೆ ಹೋಗ್ತೀನಿ, ಸಾಲದಾ?" ಜಿಮ್ ಬಿಡಬೇಡಿ. ಬಿಪಿ, ಶುಗರ್, ಟ್ರೈಗ್ಲಿಸರೈಡ್, ನಿದ್ದೆ ಎಲ್ಲಕ್ಕೂ ಒಳ್ಳೇದು. ಆದರೆ ಎಲ್‌ಡಿಎಲ್ ಮೇಲೆ ವ್ಯಾಯಾಮದ ಪರಿಣಾಮ ಸಣ್ಣದು, ಎಲ್‌ಪಿ-ಎ ಮೇಲೆ ಇಲ್ಲವೇ ಇಲ್ಲ ಅನ್ನಬಹುದು. ಎಲ್‌ಡಿಎಲ್ ಇಳಿಯೋದು ಊಟದಿಂದ ಸ್ವಲ್ಪ, ಬೇಕಾದ್ರೆ ಮಾತ್ರೆಯಿಂದ ಜಾಸ್ತಿ. ಬೆಣ್ಣೆ, ತುಪ್ಪ, ವನಸ್ಪತಿ, ಬೇಕರಿ ಪಫ್ಸ್ ಕಡಿಮೆ ಮಾಡಿ, ಕಾಳು, ಓಟ್ಸ್, ತರಕಾರಿ ಜಾಸ್ತಿ ಮಾಡಿ. ಟ್ರೈಗ್ಲಿಸರೈಡ್ ಜಾಸ್ತಿ ಇದ್ರೆ ಬಿಳಿ ಅನ್ನ, ಸಕ್ಕರೆ, ಮದ್ಯದ ಕಡೆ ನೋಡಿ.

ಕೊನೇದಾಗಿ

ಟೆಸ್ಟ್‌ಗೆ ಹೋಗೋ ಮುಂಚೆ ದುಡ್ಡಿಲ್ಲದೆ ಆಗೋ ಒಂದು ಕೆಲಸ ಇದೆ. ಇವತ್ತು ಮನೆಗೆ ಫೋನ್ ಮಾಡಿ ಕೇಳಿ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಮಾವ, ಚಿಕ್ಕಪ್ಪ, ದೊಡ್ಡಮ್ಮ, ಯಾರಿಗೆ ಯಾವ ವಯಸ್ಸಿನಲ್ಲಿ ಹೃದಯದ ತೊಂದರೆ ಅಥವಾ ಪಾರ್ಶ್ವವಾಯು ಆಯ್ತು? ಗಂಡಸರಲ್ಲಿ 55ಕ್ಕೆ ಮುಂಚೆ, ಹೆಂಗಸರಲ್ಲಿ 65ಕ್ಕೆ ಮುಂಚೆ ಆಗಿದ್ರೆ ಬರೆದಿಟ್ಕೊಂಡು ಡಾಕ್ಟರ್‌ಗೆ ಹೇಳಿ. ಜೊತೆಗೆ ಬಿಪಿ ಒಂದ್ಸಲ ನೋಡಿಸಿ. ಆಮೇಲೆ ರಕ್ತದ ಪಟ್ಟಿ: ಎಲ್‌ಡಿಎಲ್ ಮತ್ತು ನಾನ್-ಎಚ್‌ಡಿಎಲ್, ಆದ್ರೆ ಅಪೋ-ಬಿ, ಜೀವನದಲ್ಲಿ ಒಂದ್ಸಲ ಎಲ್‌ಪಿ-ಎ, ಎಚ್‌ಬಿಎ1ಸಿ, ಹುಷಾರಾಗಿರೋವಾಗ ಎಚ್‌ಎಸ್-ಸಿಆರ್‌ಪಿ. ಇಷ್ಟೇ.

ಒಂದು ಎಚ್ಚರಿಕೆ. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡೋ ನೋವು, ತಣ್ಣನೆ ಬೆವರು, ಉಸಿರು ಕಟ್ಟೋದು ಆಗ್ತಿದ್ರೆ ಇದ್ಯಾವ ಟೆಸ್ಟ್ ಬಗ್ಗೆಯೂ ಯೋಚನೆ ಮಾಡಬೇಡಿ. ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಇರೋ ಹತ್ತಿರದ ಆಸ್ಪತ್ರೆಗೆ ಹೋಗಿ. ಇವತ್ತು ಹೇಳಿದ್ದೆಲ್ಲ ಇಪ್ಪತ್ತು ವರ್ಷದ ಲೆಕ್ಕ, ಆ ಹೊತ್ತಿನದು ನಿಮಿಷಗಳ ಲೆಕ್ಕ.

ಈ ಎಪಿಸೋಡನ್ನ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಕಳಿಸಿ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ರಿಪೋರ್ಟ್ ಪಿಡಿಎಫ್ ಮಾತ್ರ ಬೇಡ, ಅದನ್ನ ನಿಮ್ಮ ಡಾಕ್ಟರ್ ನೋಡಲಿ. ಮುಂದಿನ ವಾರ ಸಿಗೋಣ, ನಮಸ್ಕಾರ.